ಗುಮ್ಮಟಕ್ಕೆ ಬೇಡಿಕೊಂಡ ಸಕ್ಕರೆ

ನಮ್ಮ ಅತ್ತೆ ಕಣ್ಣಿನ ಆಸ್ಪತ್ರೆಯಿಂದ ಎರಡು ಸಲ ತಪ್ಪಿಸಿಕೊಂಡು ಬಂದವರು.

ಮೊದಲ ಸಲ ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಅಂದರು. ಕಮಲಾಪುರದಿಂದ ಕಲಬುರಗಿಗೆ ಬಂದು, ಚೀಟಿ ಮಾಡಿಸಿ, ಕಣ್ಣಿಗೆ ಹನಿ ಹಾಕಿಸಿಕೊಂಡು, ಇನ್ನೇನು ಒಳಗೆ ಕರೆಯುತ್ತಾರೆ ಅನ್ನುವಾಗ ನೆನಪಾದ ಹಾಲು ಅದು. ಎರಡನೆಯ ಸಲ ನೆಪ ಹೇಳುವ ಗೋಜಿಗೂ ಹೋಗಲಿಲ್ಲ. ನಾನು ಔಷಧಿ ಅಂಗಡಿಯ ಮುಂದೆ ನಿಂತಿದ್ದೆ, ತಿರುಗಿ ಬರುವಷ್ಟರಲ್ಲಿ ಬೆಂಚು ಖಾಲಿ. ನಾನು ಮತ್ತು ನನ್ನ ಗಂಡ ಆಸ್ಪತ್ರೆಯ ಮೂಲೆ ಮೂಲೆ ಹುಡುಕಿ, ಅಕ್ಕಪಕ್ಕದ ಓಣಿ ಸುತ್ತಿ, ಗಂಟಲು ಒಣಗಿಸಿಕೊಂಡು ಕಡೆಗೆ ಮನೆಗೆ ಫೋನು ಮಾಡಿದರೆ ಅವರೇ ಎತ್ತಿದರು. ಆ ಮಂದಗಣ್ಣಿನಲ್ಲೇ ಆಟೋ ಹಿಡಿದು, ಹುಮನಾಬಾದ ಬಸ್ಸು ಹತ್ತಿ ಊರು ಮುಟ್ಟಿದ್ದರು. ನಾವು ಹೋದಾಗ ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು.

"ಕಣ್ಣ ಕಾಣದಿದ್ರ ಒಬ್ಬಾಕೀನ ಹೆಂಗ ಬಂದೆ ಮನಿಗಿ? ಕಾಣ್ತಾವ ಅಂತ ಆಯ್ತಲ್ಲ!" ಅಂದರು. ಹಸನು ಮಾಡಿದ ಬೇಳೆಯಲ್ಲಿ ಹರಳು ಹಾಗೇ ಉಳಿದಿದ್ದವು. ಅವತ್ತು ಸಾರು ಉಂಡವರಿಗೆಲ್ಲ ಅದು ಗೊತ್ತಾಯಿತು.

ಕಣ್ಣು ನಿಜವಾಗಿ ಕಾಣುತ್ತಿರಲಿಲ್ಲ. ಎರಡರಲ್ಲೂ ಪೊರೆ ಬೆಳೆದಿತ್ತು. ಚಹಾಕ್ಕೆ ಉಪ್ಪು ಹಾಕಿದ್ದು ನಗುವ ಮಾತಾಯಿತು, ಆದರೆ ಭಜಿ ಕರಿಯುವಾಗ ಕಾದ ಎಣ್ಣೆಯ ಬಾಣಲೆಯ ಅಂಚನ್ನು ಹಿಡಿಯಲು ಹೋದದ್ದು ನಗುವ ಮಾತಲ್ಲ. ನಮ್ಮದು ಕೆಂಪು ಬಾಳೆಯ ತೋಟ. ಗೊನೆಯನ್ನು ದೂರದಿಂದ ನೋಡಿಯೇ ಇನ್ನೆಷ್ಟು ದಿನ ಬಿಡಬೇಕು ಅಂತ ಹೇಳುತ್ತಿದ್ದ ಹೆಂಗಸು ಈಗ ಗಿಡವನ್ನು ತಡವಿಕೊಂಡು ಓಡಾಡುತ್ತಿದ್ದರು. ಇನ್ನೂ ತಡ ಮಾಡಿದರೆ ಆಪರೇಷನ್ ಕಠಿಣ ಆಗುತ್ತದೆ ಅಂತ ಡಾಕ್ಟರು ಹೇಳಿದ್ದರು. ನನಗೆ ಅತ್ತೆಯ ಮೇಲೆ ಸಿಟ್ಟು ಬರುತ್ತಿತ್ತು. ಸಿಟ್ಟಿಗಿಂತ ಹೆಚ್ಚು ಹೆದರಿಕೆ. ಮದುವೆಯಾಗಿ ಬಂದ ಹೊಸದರಲ್ಲಿ ಅಳುತ್ತ ಕೂತ ನನ್ನ ಮುಂದೆ ರೊಟ್ಟಿ ಹಿಟ್ಟು ಇಟ್ಟು, "ಅಳಕೋತನಾದರೂ ಬಡಿ, ಹೊಟ್ಟಿ ತುಂಬತದ" ಅಂದವರು ಅವರು. ಅಂಥವರನ್ನು ಗೋಡೆ ಹಿಡಿದು ನಡೆಯುವ ಸ್ಥಿತಿಯಲ್ಲಿ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಮೂರನೆಯ ಸಲ ಹೊರಡಿಸಲು ಕೂತಾಗ ಅವರು ಹೊಸ ಮಾತು ತೆಗೆದರು.

"ನಂದೊಂದು ಹರಕಿ ಉಳದದ. ಅದು ತೀರಸದಾ ಕಣ್ಣಿಗಿ ಕತ್ತಿ ಹಚ್ಚಿಸ್ಕೊಳ್ಳಾಂಗಿಲ್ಲ."

ಯಾವ ಹರಕೆ ಅಂದರೆ, ಏಳು ಗುಮ್ಮಟದ ಹರಕೆ. ನನ್ನ ಗಂಡ ಎದೆಹಾಲು ಕುಡಿಯುವ ಕೂಸಾಗಿದ್ದಾಗ ವಾಂತಿಭೇದಿಯಾಗಿ ಕೈಬಿಟ್ಟು ಹೋಗುವುದರಲ್ಲಿದ್ದನಂತೆ. ಆಗ ಕಲಬುರಗಿಯ ಏಳು ಗುಮ್ಮಟದ ಕೆಳಗೆ ಕೂತು, "ಕೂಸು ಉಳದ್ರ ಸಕ್ಕರಿ ಓದಸ್ತೀನಿ" ಅಂತ ಬೇಡಿಕೊಂಡಿದ್ದರಂತೆ. ನಮ್ಮ ಕಡೆ ಲಿಂಗ ಕಟ್ಟಿದವರೂ ದರ್ಗಾಕ್ಕೆ ಸಕ್ಕರೆ ಒಯ್ಯುತ್ತಾರೆ. ದರ್ಗಾ ನೋಡಿಕೊಳ್ಳುವ ಮುಜಾವರರು ಅದರ ಮೇಲೆ ಪ್ರಾರ್ಥನೆ ಓದಿ ಕೊಡುತ್ತಾರೆ, ಅದನ್ನು ಮನೆಗೆ ತಂದು ಎಲ್ಲರಿಗೂ ಹಂಚುತ್ತಾರೆ. ಇದರಲ್ಲಿ ವಿಶೇಷ ಏನೂ ಇಲ್ಲ. ವಿಶೇಷ ಏನೆಂದರೆ, ಆ ಕೂಸಿಗೆ ಈಗ ಐವತ್ತು ದಾಟಿ, ಹೊಟ್ಟೆ ಬಂದು, ಮೀಸೆಗೆ ಬಣ್ಣ ಹಚ್ಚುವ ಕಾಲ ಬಂದರೂ ಸಕ್ಕರೆ ಓದಿಸಿರಲಿಲ್ಲ. ಇವತ್ತು ಸುಗ್ಗಿ, ನಾಳೆ ಮದುವೆ, ನಾಡಿದ್ದು ಬಸ್ಸಿಲ್ಲ ಅಂತ ಹೋಗಿದ್ದೇ ಹೋಗಿದ್ದು.

"ಹರಕಿ ಮರತಿದ್ದಕ್ಕ ಕಣ್ಣ ಹೋಗ್ಲಾಕತ್ತಾವ" ಅನ್ನುವುದು ಅತ್ತೆಯ ತೀರ್ಮಾನ.

"ಹಂಗಾದ್ರ ಈ ಐತವಾರನಾ ಹೋಗಾಮಿ" ಅಂತ ನನ್ನ ಗಂಡ ಕೂಡಲೇ ಒಪ್ಪಿದರು. ಅವರು ಅಷ್ಟು ಬೇಗ ಒಪ್ಪಿದ್ದಕ್ಕೆ ಬೇರೆ ಕಾರಣವೂ ಇತ್ತು. ಕಲಬುರಗಿ ರಸ್ತೆಯಲ್ಲಿ ಹೊಲಗಳ ನಡುವೆ ಕೋಟೆಯ ಹಾಗೆ ಕಟ್ಟಿದ ಒಂದು ಹೋಟೆಲು ಎದ್ದಿದೆ. ನನ್ನ ಗಂಡ ಕಲಬುರಗಿಯ ಕರೆಂಟಿನ ಆಫೀಸಿನಲ್ಲಿ ಕೆಲಸ ಮಾಡುವವರು. ದಿನಾ ಬಸ್ಸಿನ ಕಿಟಕಿಯಿಂದ ಅದರ ಬುರುಜು, ತೆನೆ, ದೊಡ್ಡ ಬಾಗಿಲು ನೋಡಿ ನೋಡಿ ಅವರಿಗೆ ಒಂದು ರಾತ್ರಿ ಅದರೊಳಗೆ ಮಲಗುವ ಆಸೆ ಹುಟ್ಟಿತ್ತು. ಭಾನುವಾರ ಕಲಬುರಗಿಯ ಕೋಟೆ, ಗುಮ್ಮಟ ನೋಡಿ, ಹರಕೆ ತೀರಿಸಿ, ಸಂಜೆ ಆ ಹೋಟೆಲಿನಲ್ಲಿ ಇಳಿದು, ಸೋಮವಾರ ಬೆಳಿಗ್ಗೆ ಅಲ್ಲಿಂದಲೇ ಆಸ್ಪತ್ರೆಗೆ. ಹೀಗೆ ಯೋಜನೆ ಹಾಕಿದರು. ಆಪರೇಷನ್ ಆಗುವ ಮುಂಚೆಯೇ ಅವರ ಮುಖದಲ್ಲಿ ಬೆಳಕು ಬಂದಿತ್ತು.

"ಮನಿ ಇಷ್ಟು ಹತ್ರ ಇಟ್ಕೊಂಡು ರೊಕ್ಕ ಕೊಟ್ಟು ಹಾದ್ಯಾಗ ಮಲಗ್ತಾರೇನೋ ಖೋಡಿ?" ಅಂದರು ಅತ್ತೆ.

"ಮನಿಗಿ ಬಂದ್ರ ನೀ ಮತ್ತ ಹೊರಗ ಬರಾಕಿ ಅಲ್ಲ" ಅಂದರು ಇವರು. ಅದು ನಿಜವಾಗಿತ್ತು.

ಭಾನುವಾರ ಬೆಳಿಗ್ಗೆ ಕಾರಿನಲ್ಲಿ ಹೊರಟೆವು. ಅತ್ತೆಯ ಮಡಿಲಲ್ಲಿ ಹಸಿರು ಬಟ್ಟೆ ಸುತ್ತಿದ ಸ್ಟೀಲಿನ ಡಬ್ಬಿ, ಅದರಲ್ಲಿ ಸಕ್ಕರೆ. ಹಿಂದಿನ ಸೀಟಿನಲ್ಲಿ ಬುತ್ತಿ: ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಒಂದು ಚಿಪ್ಪು ಕೆಂಪು ಬಾಳೆ. ಹೋಟೆಲಿಗೆ ಹೋಗುವವರು ಬುತ್ತಿ ಒಯ್ಯುವುದಿಲ್ಲ ಅಂತ ನಾನು ಹೇಳಿ ನೋಡಿದೆ. "ಹೊಟೇಲನ್ಯಾಗ ಊಟ ಇಲ್ಲಂದ್ರ ಏನ್ ಮಾಡ್ತಿ?" ಅಂದರು.

ಮೊದಲು ಕೋಟೆಗೆ ಹೋದೆವು. ನನ್ನ ತವರು ಕೋಟನೂರ. ಹೆಚ್ಚುಕಡಿಮೆ ಕಲಬುರಗಿಯಲ್ಲೇ ಬೆಳೆದವಳು ನಾನು, ಆದರೂ ಕೋಟೆಯೊಳಗೆ ಕಾಲಿಟ್ಟಿದ್ದು ಶಾಲೆಯಲ್ಲಿದ್ದಾಗ ಒಮ್ಮೆ ಮಾತ್ರ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಅಲ್ಲ. ಕಂದಕದ ನೀರಿನ ಮೇಲೆ ಹಸಿರು ಪಾಚಿ ಕಟ್ಟಿತ್ತು. ಒಳಗೆ ದೊಡ್ಡ ಮಸೀದಿ. ಸಾಮಾನ್ಯವಾಗಿ ಮಸೀದಿಗೆ ಮುಂದೆ ಬಯಲು ಅಂಗಳ ಇರುತ್ತದೆ. ಇದಕ್ಕಿಲ್ಲ. ಇಡೀ ಜಾಗಕ್ಕೆ ಚಾವಣಿ, ಚಾವಣಿಯ ತುಂಬ ಸಣ್ಣ ಸಣ್ಣ ಗುಮ್ಮಟ, ಒಂದು ಕಡೆ ಮಾತ್ರ ದೊಡ್ಡದು. ಚಪ್ಪಲಿ ಬಿಟ್ಟು ಒಳಗೆ ಹೋದರೆ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಮತ್ತೊಂದು, ಬಿಳಿ ಸುಣ್ಣದ ಕಂಬಗಳ ನಡುವೆ ಪಕ್ಕದಿಂದ ಬರುವ ತಣ್ಣನೆಯ ಬೆಳಕು. ಹೊರಗಿನ ಬಿಸಿಲು ಎಲ್ಲಿ ಹೋಯಿತೋ ಅನ್ನಿಸಿತು.

ಅತ್ತೆ ಒಂದು ಕಂಬಕ್ಕೆ ಅಂಗೈ ಇಟ್ಟು ನಿಂತರು. ಅವರಿಗೆ ಎಷ್ಟು ಕಂಡಿತೋ ಗೊತ್ತಿಲ್ಲ.

"ಎಷ್ಟ್ ಕಂಬ ಅವ?" ಅಂತ ಕೇಳಿದರು.

"ಲೆಕ್ಕ ಇಲ್ಲ ಅತ್ತಿ. ನೀವಾ ನೋಡ್ರಿ."

"ಎಲ್ಲಿ ನೋಡಲಿ ತಂಗಿ? ನಂಗ ಒಂದೇ ಬೆಳ್ಳಗ ಕಾಣಸ್ತದ. ಹಾಲಿನ್ಯಾಗ ನಿಂತಂಗ ಅದ."

ಮೊದಲ ಸಲ ತಮ್ಮ ಬಾಯಿಂದಲೇ ಕಾಣುವುದಿಲ್ಲ ಅಂದಿದ್ದರು. ನಾನು ಆ ಮಾತನ್ನು ಹಿಡಿದು ಜಗ್ಗಬಹುದಿತ್ತು, ಜಗ್ಗುವ ಸ್ವಭಾವವೂ ನನ್ನದು. ಆದರೆ ಆ ತಂಪಿನಲ್ಲಿ ನನಗೆ ಜಗಳ ಬೇಡವಾಯಿತು. ನಾನೇ ಅವರಿಗೆ ಕಮಾನುಗಳನ್ನು ಒಂದೊಂದಾಗಿ ಹೇಳುತ್ತ ನಡೆದೆ. ಹೊರಗೆ ಬಂದ ಮೇಲೆ ನನ್ನ ಗಂಡ ಬುರುಜಿನ ಮೇಲಿನ ಉದ್ದನೆಯ ತೋಪು ತೋರಿಸಲು ನಮ್ಮನ್ನು ಎಳೆದರು. ಮೆಟ್ಟಿಲು ಹತ್ತಲು ಅತ್ತೆ ಒಪ್ಪದೆ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿಸಿದರು.

ಊಟ ಮುಗಿಸಿ ನಮ್ಮೂರ ರಸ್ತೆಯ ಕಡೆಗಿರುವ ಏಳು ಗುಮ್ಮಟಕ್ಕೆ ಬಂದೆವು. ಹುಲ್ಲು ಬೆಳೆಸಿದ ದೊಡ್ಡ ಆವರಣ, ಅದರೊಳಗೆ ಮನೆಗಳಿಗಿಂತ ಎತ್ತರದ ಕಲ್ಲಿನ ಚೌಕಗಳು, ಒಂದೊಂದರ ತಲೆಯ ಮೇಲೂ ಗುಮ್ಮಟ. ಕೆಲವು ಗುಮ್ಮಟ ಅಂಟಿಕೊಂಡು ಜೋಡಿಯಾಗಿವೆ. ಅತ್ತೆ ಕಾರು ಇಳಿಯುವಾಗಲೇ ತಲೆಯ ಮೇಲೆ ಸೆರಗು ಹೊದ್ದು, ಡಬ್ಬಿಯನ್ನು ಎದೆಗೆ ಒತ್ತಿಕೊಂಡರು. ಅಷ್ಟು ಅವಸರದಲ್ಲಿ ಅವರು ನಡೆದದ್ದನ್ನು ನೋಡಿ ಬಹಳ ದಿನವಾಗಿತ್ತು.

ಒಳಗೆ ಕತ್ತಲು, ಬಾವಲಿಯ ವಾಸನೆ. ಗೋಡೆಯ ಮೇಲೆ ಗಾರೆಯ ಕುಸುರಿ ಹೂವು. ನೆಲದಲ್ಲಿ ಸಮಾಧಿಗಳು. ಬಾಗಿಲ ಹತ್ತಿರ ಖಾಕಿ ತೊಟ್ಟ ಕಾವಲುಗಾರ ಕೂತಿದ್ದ. ಅತ್ತೆ ಸೀದಾ ಅವನ ಮುಂದೆ ಡಬ್ಬಿ ಇಟ್ಟು ಊದಿನಕಡ್ಡಿ ತೆಗೆದರು.

"ಸಕ್ಕರಿ ಓದಿ ಕೊಡಪ್ಪ. ಭಾಳ ವರ್ಷದ್ದು ಹರಕಿ ಅದ."

ಅವನು ಗಾಬರಿಯಾಗಿ ಎದ್ದುನಿಂತ. "ಅಮ್ಮಾ, ಇಲ್ಲಿ ಓದಾದಿಲ್ಲರೀ. ಪೀರರ ದರ್ಗಾ ಇಲ್ಲೇ ಬಾಜೂಕ ಅದ, ಅಲ್ಲಿಗಿ ಹೋಗ್ರಿ."

"ನಾ ಬೇಡ್ಕೊಂಡಿದ್ದು ಇಲ್ಲೇ."

"ಇವು ಬಾದಶಾಗೋಳ ಗೋರಿ ಅಮ್ಮಾ. ಬಾದಶಾ, ಅವರ ಮನಿ ಮಂದಿ. ಇಲ್ಲಿ ಪೀರರು ಯಾರೂ ಇಲ್ಲ."

ದೇವರು ಕೊಟ್ಟರೂ ಪೂಜಾರಿ ಕೊಡ ಅಂತ ನಾನು ಮೆಲ್ಲಗೆ ಗೊಣಗಿದೆ. ಆದರೆ ಆ ಮನುಷ್ಯನ ತಪ್ಪೇನೂ ಇರಲಿಲ್ಲ. ಅತ್ತೆ ಬಗ್ಗಿ ಸಮಾಧಿಯನ್ನು ತಡವಿ ನೋಡಿದರು. ಬರಿ ಧೂಳು.

"ಹಸಿರು ಚಾದರ ಯಾಕಿಲ್ಲ?"

"ಸತ್ತ ರಾಜರಿಗಿ ಚಾದರ ಹೊಚ್ಚೋರು ಯಾರಮ್ಮಾ?" ಅಂದ ಅವನು. ಅಣಕಿಸಿ ಹೇಳಿದ್ದಲ್ಲ, ಇದ್ದದ್ದನ್ನೇ ಹೇಳಿದ.

ನನ್ನ ಗಂಡನಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಗುಮ್ಮಟ ಇದ್ದಲ್ಲೆಲ್ಲ ಸಂತರು ಇರುವುದಿಲ್ಲ ಅಂತ ನನಗೂ ಗೊತ್ತಿತ್ತು. ಆದರೆ ಅಲ್ಲಿ ಯಾರಾದರೂ ಓದುವವರು ಇದ್ದೇ ಇರುತ್ತಾರೆ, ಇಲ್ಲದಿದ್ದರೆ ಪಕ್ಕದ ದರ್ಗಾಕ್ಕೆ ಹೋದರಾಯಿತು ಅಂದುಕೊಂಡಿದ್ದೆವು. ಅತ್ತೆ ದರ್ಗಾದ ಮಾತಿಗೆ ತಲೆ ಅಲ್ಲಾಡಿಸಿದರು. ಅಲ್ಲಿನ ಪೀರರ ಬಗ್ಗೆ ಅವರಿಗೆ ಭಕ್ತಿ ಇಲ್ಲ ಅಂತಲ್ಲ. ಒಬ್ಬರ ಹತ್ತಿರ ಬೇಡಿಕೊಂಡು ಇನ್ನೊಬ್ಬರಿಗೆ ಕೊಡುವುದು ಯಾವ ನ್ಯಾಯ ಅಂತ ಅವರ ವಾದ. ಆಮೇಲೆ ಹೊಸ್ತಿಲ ಮೇಲೆ ಕುಸಿದು ಕೂತು, ನಮ್ಮ ಯಾರ ಮುಖವನ್ನೂ ನೋಡದೆ ಕೇಳಿದರು:

"ಇವ್ರು ಬರೀ ರಾಜರು ಅಂದ್ರ, ನನ್ನ ಕೂಸಿನ ಉಳಿಸ್ದವ್ರು ಯಾರು?"

ಕೂಸು ಪಕ್ಕದಲ್ಲೇ ನಿಂತು ಬೆವರು ಒರೆಸಿಕೊಳ್ಳುತ್ತಿತ್ತು.

ಅಲ್ಲಿಂದ ಹೋಟೆಲು ಮುಟ್ಟುವವರೆಗೆ ಅತ್ತೆ ತುಟಿ ಬಿಚ್ಚಲಿಲ್ಲ. ನಾನು ಒಳಗೊಳಗೇ ಕುದಿಯುತ್ತಿದ್ದೆ. ಹರಕೆ ತೀರಲಿಲ್ಲ ಅಂದಮೇಲೆ ನಾಳೆ ಆಪರೇಷನ್ ಇಲ್ಲ, ಅದು ಕನ್ನಡಿಯಷ್ಟು ಸ್ಪಷ್ಟ. ಅಷ್ಟು ವರ್ಷ ತಡೆದ ಹರಕೆ ಕಡೆಗೆ ತಪ್ಪು ವಿಳಾಸಕ್ಕೆ ಹೋಗಿತ್ತಲ್ಲ ಅಂತ ನಗುವೂ ಬರುತ್ತಿತ್ತು. ನಕ್ಕರೆ ಕಾರಿನಿಂದ ಇಳಿದು ನಡೆದು ಹೋಗುವ ಹೆಂಗಸು ಅವರು, ಅದಕ್ಕೆ ನಗಲಿಲ್ಲ.

ಹೋಟೆಲಿನ ಬಾಗಿಲಲ್ಲಿ ಸಿಮೆಂಟಿನ ಎರಡು ತೋಪು. ಮೊಳೆ ಬಡಿದ ಮರದ ಕದ, ಆನೆ ಬಂದು ಗುದ್ದೀತು ಅನ್ನುವ ಹಾಗೆ. ಪೇಟ ಸುತ್ತಿ, ಈಟಿ ಹಿಡಿದ ಸಿಪಾಯಿಯೊಬ್ಬ ನಮಗೆ ಸಲಾಮು ಹೊಡೆದ. ಅತ್ತೆ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟರು.

"ಅತ್ತಿ, ಇದು ಹೊಟೇಲು. ಚಪ್ಪಲಿ ಹಾಕ್ಕೊಳ್ರಿ."

"ಮುಂಜಾನಿ ಗುಡಿ ಅಲ್ಲದಲ್ಲಿ ಬಿಡಸ್ದಿ. ಈಗ ಹಾಕ್ಕೋ ಅಂತಿ. ನಿಂದು ನಿಂಗೇ ಗೊತ್ತು" ಅಂದರು. ಮಾತು ಶುರುವಾಯಿತಲ್ಲ ಅಂತ ನನಗೆ ಸಮಾಧಾನ.

ಹೊರಗಿನ ಊಟ ಒಳಗೆ ತರುವ ಹಾಗಿಲ್ಲ ಅಂತ ಮ್ಯಾನೇಜರು ಬಹಳ ಮರ್ಯಾದೆಯಿಂದ ಹೇಳಿದರು. ಅತ್ತೆ ವಾದ ಮಾಡಲಿಲ್ಲ. ಉಳಿದ ರೊಟ್ಟಿ ಪಲ್ಯವನ್ನು ಗಂಟು ಕಟ್ಟಿ ಸಿಪಾಯಿಯ ಕೈಗೆ ಕೊಟ್ಟರು. ಅವನು ಈಟಿಯನ್ನು ಗೋಡೆಗೆ ಆನಿಸಿ ಎರಡೂ ಕೈ ಒಡ್ಡಿ ತೆಗೆದುಕೊಂಡ. ಅವನೂ ನಮ್ಮ ತಾಲ್ಲೂಕಿನವನೇ, ಹೊಲ ಮನೆ ಇದ್ದು ಸಂಜೆ ಹೊತ್ತು ಸಿಪಾಯಿ ಆಗುವವನು. ನನ್ನ ಗಂಡ ಮಾತ್ರ ಎಲ್ಲ ಮರೆತು ಕೋಣೆಯ ಎತ್ತರದ ಮಂಚ, ಕಮಾನಿನ ಕಿಟಕಿ, ನಲ್ಲಿಯ ಸಿಂಹದ ಬಾಯಿ ನೋಡುತ್ತ ಓಡಾಡಿದರು. ದಿನಾ ಬಸ್ಸಿನಿಂದ ತಾವು ನೋಡುತ್ತಿದ್ದ ಬುರುಜು ಯಾವುದು ಅಂತ ಹುಡುಕಿ, ಅದರ ಮೇಲೆ ಕುರ್ಚಿ ಹಾಕಿಸಿ, ನಮ್ಮಿಬ್ಬರನ್ನೂ ಕೂರಿಸಿದರು. ಹೊತ್ತು ಮುಳುಗುತ್ತಿತ್ತು. ಸುತ್ತ ತೊಗರಿ ಹೊಲ, ರಸ್ತೆಯಲ್ಲಿ ಊರಿಗೆ ಹೋಗುವ ಬಸ್ಸುಗಳು.

ನನಗೆ ತಡೆಯಲಾಗಲಿಲ್ಲ. ಕೇಳಿಯೇ ಬಿಟ್ಟೆ.

"ಅತ್ತಿ, ಅವತ್ತು ಗುಮ್ಮಟದ ಕೆಳಗ ಆಗಿದ್ದರ ಏನು? ಸುಮ್ನ ಬೇಡ್ಕೊಂಡ್ರಿ, ಕೂಸು ಎದ್ದು ಕುಂತ್ತು, ಅಷ್ಟೇನಾ?"

"ಅಷ್ಟೇ ಹೆಂಗ ಆಗ್ತದ?" ಅಂದರು. ಮಗನ ಕಡೆ ತಿರುಗಿದರು. "ನಿನಗಿಂತ ಮೊದಲ ಒಬ್ಬಾಕಿ ಇದ್ಲು."

ನನ್ನ ಗಂಡ ಕೈಯಲ್ಲಿದ್ದ ಫೋನು ಕೆಳಗಿಟ್ಟರು. ಅವರಿಗೂ ಇದು ಗೊತ್ತಿರಲಿಲ್ಲ.

ಮೊದಲ ಕೂಸು ಹೆಣ್ಣು. ಇನ್ನೂ ನಡೆಯುತ್ತಿರಲಿಲ್ಲ. ಜ್ವರ ಬಂತು ಅಂತ ಕಲಬುರಗಿಯ ದವಾಖಾನೆಗೆ ಒಯ್ದರು. ಒಳಗೆ ತಾಯಿಯನ್ನು ಬಿಡಲಿಲ್ಲ. ಹೊರಗೆ ಕೂತಿದ್ದ ಅತ್ತೆಗೆ ಬೆಳಗಿನ ಜಾವ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಕೈಗೆ ಕೊಟ್ಟರು. "ನಿದ್ದಿ ಹತ್ತ್ಯದ ಅಂತ ತಿಳದು ನಾ ಬಸ್ ಸ್ಟ್ಯಾಂಡ್ ತನಾ ನಡದೆ" ಅಂದರು ಅತ್ತೆ. ಅಷ್ಟು ಹೇಳಿ ಮೂಗು ಒರೆಸಿಕೊಂಡರು. ಮನೆಯಲ್ಲಿ ಆ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಇನ್ನೊಂದು ಹುಟ್ಟುತ್ತದೆ ಅಂದರು, ಹುಟ್ಟಿತು. ಅದಕ್ಕೆ ವಾಂತಿಭೇದಿ ಶುರುವಾದಾಗ ಮತ್ತೆ ಅದೇ ದವಾಖಾನೆಗೆ ಹೊರಡಿಸಿದರು. ಬಾಳೆಗೊನೆ ತುಂಬಿದ ಲಾರಿಯಲ್ಲಿ ಗಂಡನ ಜೊತೆ ಬಂದ ಅತ್ತೆ ಕಲಬುರಗಿ ಸಮೀಪಿಸಿದಾಗ ಲಾರಿ ನಿಲ್ಲಿಸಿ ಇಳಿದುಬಿಟ್ಟರು. ಮಾವ ಮಾಲು ಇಳಿಸಿ ದವಾಖಾನೆಗೇ ಬರುತ್ತೇನೆ ಅಂತ ಬಜಾರಕ್ಕೆ ಹೋದರು.

"ನಾ ದವಾಖಾನಿಗಿ ಹೋಗಬಾರ್ದಂತ ಇಳದಿದ್ದೆ. ಗುಮ್ಮಟ ಕಂಡ್ವು. ಹೋಗಾದಿದ್ರ ಇಲ್ಲೇ ಹೋಗಲಿ, ನನ್ನ ಮಡ್ಲನ್ಯಾಗ ಹೋಗಲಿ ಅಂತ ಅಲ್ಲಿ ಹೋಗಿ ಕುಂತೆ."

ಅಲ್ಲಿ ಆಡು ಮೇಯಿಸುತ್ತಿದ್ದ ಒಬ್ಬ ಹೆಂಗಸು ಬಂದಳು. ಗುಮ್ಮಟದ ಹಿಂದೆಯೇ ಅವಳ ಮನೆ. ಕೂಸಿನ ಕಣ್ಣು ನೋಡಿ ಓಡಿ ಹೋಗಿ ಸಕ್ಕರೆ ಉಪ್ಪು ಕಲಸಿದ ನೀರು ತಂದು, ಬೆರಳಿನಿಂದ ಹನಿ ಹನಿಯಾಗಿ ಬಾಯಿಗೆ ಬಿಟ್ಟಳು. ಆಮೇಲೆ ಎದ್ದು ದವಾಖಾನೆಗೆ ಹೋಗು ಅಂದಳು. ಅತ್ತೆ ಒಲ್ಲೆ ಅಂದರು. ಒಬ್ಬಾಕಿಯನ್ನು ಅಲ್ಲೇ ಬಿಟ್ಟು ಬಂದಿದ್ದೇನೆ, ಇದನ್ನೂ ಬಿಡಲಾರೆ ಅಂದರು.

"ಆಕಿ ಬೈದ್ಲು. ನಂಗ ಪೂರಾ ತಿಳೀಲಿಲ್ಲ, ತುರಕ ಮಾತು. ಆದ್ರ ಬೈಗುಳ ತಿಳೀತದಲ್ಲ! ಆಡು ಯಾರಿಗೋ ಒಪ್ಪಿಸಿ, ನನ್ನ ಕೈ ಹಿಡದು ದರದರ ಎಳಕೊಂಡು ನಡದ್ಲು. ದವಾಖಾನಿ ಬಾಗಲದಾಗ ನಾ ಕಾಲ ಊರಿ ನಿಂತೆ. ಆಕಿ ಕೈ ಬಿಡಲಿಲ್ಲ. ಇವಂಗ ಸಲಾಯಿನ್ ಹಚ್ಚೋ ತನಾ ಬಿಡಲಿಲ್ಲ."

ಮಾವ ಬಂದ ಮೇಲೆ ಅವಳು ಹೋದಳು. ಸಂಜೆಗೆ ಕೂಸು ಅತ್ತಿತು. ಹುಷಾರಾಗಿ ಊರಿಗೆ ಹೊರಟ ದಿನ ಅತ್ತೆ ಅವಳನ್ನು ಹುಡುಕಬೇಕೆಂದಿದ್ದರು, ಬಸ್ಸು ನಿಲ್ಲಲಿಲ್ಲ. ಬಸ್ಸಿನ ಕಿಟಕಿಯಿಂದ ಗುಮ್ಮಟಗಳು ಕಂಡವು. ಅಂಥ ಜಾಗದಲ್ಲಿ ಅಂಥ ಹೆಂಗಸು ಎದುರಾದಳು ಅಂದರೆ ಅದು ಗುಮ್ಮಟದೊಳಗೆ ಮಲಗಿದವರ ದಯೆಯೇ ಇರಬೇಕು ಅಂತ ಅವರಿಗೆ ಅನ್ನಿಸಿ, ಅವತ್ತು ಕೂತು ಬೇಡಿಕೊಂಡಿದ್ದ ಸಕ್ಕರೆಯನ್ನು ಕಿಟಕಿಯಿಂದಲೇ ಕೈಮುಗಿದು ಖಾತ್ರಿ ಮಾಡಿದರು.

ನನ್ನ ಗಂಡ ಚಹಾ ತರುತ್ತೇನೆ ಅಂತ ಎದ್ದು ಕೆಳಗೆ ಹೋದರು. ಬಹಳ ಹೊತ್ತಿನ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದರು, ಚಹಾ ತಂದಿರಲಿಲ್ಲ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದವರು ನಾವು. ಈ ಹೆಂಗಸಿನ ಎದೆಯಲ್ಲಿ ಹೀಗೊಂದು ಕೂಸು ಇದೆ ಅಂತ ನನಗೆ ತಿಳಿದಿರಲಿಲ್ಲ. ಒಲೆಯ ಮೇಲಿನ ಹಾಲು, ಖಾಲಿ ಬೆಂಚು, ಹುಮನಾಬಾದ ಬಸ್ಸು ಎಲ್ಲವೂ ಆ ಬಾಗಿಲಿಗೆ ಹೆದರಿ ಹುಟ್ಟಿದ್ದವು.

ಆದರೂ ನನ್ನ ಬಾಯಿ ಸುಮ್ಮನಿರುವ ಬಾಯಿ ಅಲ್ಲ.

"ಅತ್ತಿ, ನೀರ ಕುಡಿಸ್ದಾಕಿ ಆಕಿ. ಕೈ ಹಿಡದು ಎಳಕೊಂಡ ಹೋದಾಕಿ ಆಕಿ. ಮತ್ತ ಹರಕಿ ರಾಜರಿಗ್ಯಾಕ?"

ಅತ್ತೆ ನನ್ನ ಕಡೆ ಮುಖ ಮಾಡಿದರು. ಬೈಯುತ್ತಾರೆ ಅಂದುಕೊಂಡೆ. "ಹೌದಲ್ಲ" ಅಂದರು, ಅಷ್ಟೇ. ರಾತ್ರಿ ಊಟಕ್ಕೆ ಹೋಟೆಲಿನವರು ಬೆಳ್ಳಿಯ ಬಣ್ಣದ ಮುಚ್ಚಳ ಮುಚ್ಚಿ ತಂದ ಅನ್ನವನ್ನು ಎರಡು ಸಲ ಹಾಕಿಸಿಕೊಂಡು ಉಂಡರು. ರೊಟ್ಟಿ ಮಾತ್ರ ದಪ್ಪ ಆಯಿತು ಅಂತ ತಪ್ಪು ತೆಗೆದರು.

ಬೆಳಿಗ್ಗೆ ನಾವು ಏಳುವುದರೊಳಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಆಕೀ ಮನಿ ಹುಡುಕಾಮಿ ನಡೀರಿ." ಹೊಟ್ಟೆಗೆ ಏನೂ ಬೇಡ ಅಂದರು.

ಏಳು ಗುಮ್ಮಟದ ಹಿಂದೆ ಈಗ ಆಡು ಮೇಯುವ ಬಯಲು ಇಲ್ಲ. ಒತ್ತೊತ್ತಾಗಿ ಮನೆಗಳು, ಮೇಲೆ ತಂತಿ, ಗೋಡೆಗೆ ಆನಿಸಿದ ಮೋಟಾರು ಸೈಕಲ್ಲು. ನಾವು ಮೂವರೂ ಓಣಿಯಲ್ಲಿ ನಡೆದೆವು. ಕೇಳುವುದಾದರೂ ಏನು? ಹೆಸರು ಗೊತ್ತಿಲ್ಲ, ಗಂಡನ ಹೆಸರು ಗೊತ್ತಿಲ್ಲ, ಬರೀ ಆಡು ಸಾಕಿದ್ದಳು ಅಂತ. ಎರಡು ಮನೆಯವರು ಇಲ್ಲ ಅಂದರು. ಮೂರನೆಯ ಮನೆಯ ಮುಂದೆ ನನ್ನ ವಯಸ್ಸಿನ ಒಬ್ಬ ಹೆಂಗಸು ನಲ್ಲಿಯ ಕೆಳಗೆ ಪಾತ್ರೆ ತೊಳೆಯುತ್ತಿದ್ದಳು. ಅತ್ತೆಯ ಮಾತನ್ನೆಲ್ಲ ಪಾತ್ರೆ ಬಿಟ್ಟು ಕೇಳಿದಳು.

"ನಮ್ಮ ದಾದಿ, ನಮ್ಮಪ್ಪನ ಅವ್ವ, ಆಕೀನೂ ಆಡು ಸಾಕಿದ್ಳಂತ ಖಾಲಾ. ಆದ್ರ ಆಗ ಈ ಓಣ್ಯಾಗ ಎಲ್ಲರ ಮನ್ಯಾಗೂ ಆಡು ಇದ್ವು. ಆಕೀನೇ ಅಂತ ಹೆಂಗ ಹೇಳಲಿ?"

"ನಿಮ್ಮ ದಾದಿ ಬೈತಿದ್ಳಾ?"

ಹೆಂಗಸು ನಕ್ಕಳು. "ಬೈಯದವ್ರು ಈ ಓಣ್ಯಾಗ ಯಾರೂ ಇರಲಿಲ್ಲ ಬಿಡ್ರಿ."

ಅತ್ತೆಯೂ ನಕ್ಕರು. ನಿನ್ನೆಯಿಂದ ಅದೇ ಮೊದಲ ನಗು. ಡಬ್ಬಿಯ ಬಟ್ಟೆ ಬಿಚ್ಚಿ ಅವಳ ಮುಂದೆ ಹಿಡಿದರು. ಸಕ್ಕರೆ ಓದಿಕೊಡಲು ಮುಜಾವರರೇ ಬೇಕೇ, ನೀನು ಓದಿದರೆ ನಡೆಯುವುದಿಲ್ಲವೇ ಅಂತ ಕೇಳಿದರು. ಅವಳು ಕೈ ಒರೆಸಿಕೊಂಡು, ಓಡಿ ಒಳಗೆ ಹೋಗಿ ಚಾಪೆ ತಂದು ಅತ್ತೆಯನ್ನು ಕೂರಿಸಿದಳು.

"ಯಾರ ಹೆಸರಲೇ ಓದಲಿ ಖಾಲಾ?"

"ಹೆಸರು ನಾ ಕೇಳಲೇ ಇಲ್ಲವ್ವ" ಅಂದರು ಅತ್ತೆ. "ಕೂಸಿನ ಗದ್ಲದಾಗ ಹೆಸರು ಕೇಳಲೇ ಇಲ್ಲ."

"ಆಗಲಿ ಬಿಡ್ರಿ. ಅಲ್ಲಾಗ ಗೊತ್ತದ. ಮುಟ್ತದ."

ಅವಳು ತಲೆಯ ಮೇಲೆ ಓಢಣಿ ಎಳೆದುಕೊಂಡು, ಎರಡೂ ಅಂಗೈ ಬಿಚ್ಚಿ, ಕಣ್ಣು ಮುಚ್ಚಿ ಮೆಲ್ಲಗೆ ಓದಿದಳು. ಅತ್ತೆ ಕೈಮುಗಿದಿದ್ದರು. ನನ್ನ ಗಂಡ, ಸದಾ ಮಾತಿಗೊಂದು ಚೇಷ್ಟೆ ಮಾಡುವವರು, ನಲ್ಲಿಯ ಪಕ್ಕ ಬರಿಗಾಲಲ್ಲಿ ನಿಂತಿದ್ದರು. ಓದಿ ಮುಗಿದ ಮೇಲೆ ಅತ್ತೆ ಮೊದಲ ಚಿಟಿಕೆಯನ್ನು ಅವಳ ಬಾಯಿಗೇ ಹಾಕಿದರು. ಆಮೇಲೆ ಓಣಿಯಲ್ಲಿ ಬಂದವರಿಗೆಲ್ಲ ಹಂಚಿದರು, ಡಬ್ಬಿಯ ತಳ ಕಾಣುವ ತನಕ. ಉಳಿದ ಕೆಂಪು ಬಾಳೆಯನ್ನೂ ಅಲ್ಲೇ ಕೊಟ್ಟರು. ಮನೆಗೆ ಒಯ್ಯಲು ಏನೂ ಉಳಿಯಲಿಲ್ಲ, ಅದರ ಬಗ್ಗೆ ಅವರು ಚಿಂತೆ ಮಾಡಲೂ ಇಲ್ಲ.

ಕಾರಿನಲ್ಲಿ ಕೂತ ಮೇಲೆ ನನ್ನ ಗಂಡ ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಆಸ್ಪತ್ರೆಯ ಮಾತು ಎತ್ತುವ ಧೈರ್ಯ ಇಬ್ಬರಿಗೂ ಇರಲಿಲ್ಲ. ನಿನ್ನೆಯ ಮಾತು ಕೇಳಿದ ಮೇಲೆ ಒತ್ತಾಯ ಮಾಡಲು ಬಾಯಿ ಬರುತ್ತಿರಲಿಲ್ಲ. ಇನ್ನೊಂದು ದಿನ ನೋಡೋಣ ಅಂತ ಅವರು ಕಾರನ್ನು ಕಮಲಾಪುರದ ಕಡೆ ತಿರುಗಿಸಿದರು.

"ಯಾಕೋ, ಈ ಕಡಿ ಯಾಕ ಹೊಂಟಿ?" ಅಂದರು ಅತ್ತೆ ಹಿಂದಿನಿಂದ. "ದವಾಖಾನಿ ಆ ಕಡಿ ಅದ."

ಮಂದಗಣ್ಣಿನವರಿಗೆ ದಿಕ್ಕು ಹೇಗೆ ಗೊತ್ತಾಯಿತು ಅಂತ ನಾನು ಕೇಳಲಿಲ್ಲ. ನನ್ನ ಗಂಡ ಕಾರು ತಿರುಗಿಸಿದರು. ದಾರಿಯುದ್ದಕ್ಕೂ ಅತ್ತೆ ತೋಟದ ಮಾತಾಡಿದರು, ಯಾವ ಸಾಲಿಗೆ ನೀರು ಬಿಡಬೇಕು, ಯಾವ ಗೊನೆಗೆ ಆಸರೆ ಕೊಡಬೇಕು. ಆದರೆ ಆಸ್ಪತ್ರೆಯ ಮುಂದೆ ಇಳಿದು ಮೆಟ್ಟಿಲ ಹತ್ತಿರ ಬಂದಾಗ ಮಾತು ನಿಂತಿತು, ಕಾಲೂ ನಿಂತಿತು. ಗಾಜಿನ ಬಾಗಿಲು ತೆರೆದು ಮುಚ್ಚುತ್ತಿತ್ತು.

ನಾನು ಮೆಲ್ಲಗೆ ಅವರ ಬೆರಳು ಹಿಡಿದೆ.

"ಹಂಗಲ್ಲ ತಂಗಿ" ಅಂದರು ಅತ್ತೆ. "ಗಟ್ಟಿ ಹಿಡಿ. ಇಲ್ಲಾಂದ್ರ ನಾ ಓಡಿ ಹೋಗ್ತೀನಿ."

ಗಟ್ಟಿಯಾಗಿ ಹಿಡಿದೆ. ಕಣ್ಣಿಗೆ ಬಟ್ಟೆ ಕಟ್ಟಿ ಹೊರಗೆ ತರುವ ತನಕ ಆಪರೇಷನ್ ಕೋಣೆಯ ಬಾಗಿಲ ಹತ್ತಿರದಿಂದ ನಾನು ಕದಲಲಿಲ್ಲ. ಹೊರಗೆ ಬಂದವರೇ ಗಾಳಿಯಲ್ಲಿ ಕೈ ಚಾಚಿದರು. ನನ್ನ ಕೈ ಅಲ್ಲೇ ಇತ್ತು.